ಬಾಂದುಕಲ್ಲು ಉಳಿಸಿಕೊಳ್ಳುವ ಬಗೆ: ಜಮೀನಿನ ಗಡಿಗೆ ಕಾನೂನು ಕೊಡುವ ರಕ್ಷಣೆ ಮತ್ತು ಅದನ್ನು ಪಡೆಯುವ ಕ್ರಮ

ನಿಮ್ಮ ಹೊಲಕ್ಕೂ ಪಕ್ಕದವರ ಹೊಲಕ್ಕೂ ನಡುವಿನ ಬದು 330 ಅಡಿ ಉದ್ದವಿದೆ ಎಂದುಕೊಳ್ಳಿ. ಪ್ರತಿ ಮುಂಗಾರಿನ ಉಳುಮೆಯಲ್ಲಿ ಆ ಬದುವಿನ ಅರ್ಧ ಅಡಿ ಮಣ್ಣು ನೇಗಿಲಿಗೆ ಸಿಕ್ಕಿ ಸರಿದರೆ ಆರು ವರ್ಷಕ್ಕೆ ಮೂರು ಅಡಿ ಹೋಯಿತು, ಅಂದರೆ 990 ಚದರ ಅಡಿ. ಒಂದು ಗುಂಟೆಗೆ 1,089 ಚದರ ಅಡಿ. ಯಾರೂ ಜಗಳವಾಡಿಲ್ಲ, ಯಾರೂ ಕಾಗದಕ್ಕೆ ಸಹಿ ಹಾಕಿಲ್ಲ, ಪಹಣಿಯಲ್ಲಿ ಒಂದಂಕಿಯೂ ಬದಲಾಗಿಲ್ಲ. ಆದರೂ ಹೆಚ್ಚುಕಡಿಮೆ ಒಂದು ಗುಂಟೆ ನಿಮ್ಮ ಅನುಭವದಿಂದ ಆಚೆ ಹೋಗಿದೆ. ಈ ಸರಿದಾಟ ಕಣ್ಣಿಗೆ ಕಾಣಬೇಕಾದರೆ ಬದುವಿನ ಎರಡು ತುದಿಯ ಬಾಂದುಕಲ್ಲುಗಳು ನೆಟ್ಟ ಜಾಗದಲ್ಲೇ ನಿಂತಿರಬೇಕು.

ಬಾಂದುಕಲ್ಲು, ಗಡಿಕಲ್ಲು, ಸರ್ವೆ ಕಲ್ಲು ಎಂದು ಊರಿಗೊಂದು ಹೆಸರಿನಿಂದ ಕರೆಯುವ ಈ ಕಲ್ಲುಗಳನ್ನು ಕಾಪಾಡಲು ಕಾನೂನಿನಲ್ಲಿ ಏನಿದೆ, ಕಲ್ಲು ಕಾಣೆಯಾದರೆ ಯಾರ ಬಳಿಗೆ ಹೋಗಬೇಕು, ಹೋಗುವಾಗ ಕೈಯಲ್ಲಿ ಏನಿರಬೇಕು ಎಂಬುದನ್ನು ಕರ್ನಾಟಕದ ಕೃಷಿ ಜಮೀನಿನ ಮಟ್ಟಿಗೆ ಇಲ್ಲಿ ವಿವರಿಸಿದ್ದೇನೆ. ಒಂದು ಮಾತನ್ನು ಮೊದಲಿಗೇ ಹೇಳಬೇಕು: ಕಲ್ಲು ನಿಮಗೆ ಮಾಲೀಕತ್ವವನ್ನು ಕೊಡುವುದಿಲ್ಲ. ಮಾಲೀಕತ್ವ ಬರುವುದು ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಮಂಜೂರಾತಿ, ಪಿತ್ರಾರ್ಜಿತ ಹಕ್ಕು ಇಂತಹ ಮೂಲಗಳಿಂದ. ಆ ಹಕ್ಕು ನೆಲದ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸುವುದಷ್ಟೇ ಕಲ್ಲಿನ ಕೆಲಸ. ಹಾಗಾಗಿ ಕಲ್ಲನ್ನೂ ಅದರ ಹಿಂದಿರುವ ಕಾಗದವನ್ನೂ ಒಟ್ಟಿಗೇ ಕಾಪಾಡಬೇಕು. ಒಂದನ್ನು ಬಿಟ್ಟರೆ ಇನ್ನೊಂದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಕಲ್ಲಿನ ಹಿಂದಿರುವ ಕಾಗದ

ಹಳೆಯ ಮೈಸೂರಿನಲ್ಲಿ 1860ರ ದಶಕದಲ್ಲಿ ಆರಂಭವಾದ ಕಂದಾಯ ಮೋಜಣಿ ಮುಂಬಯಿ ಪದ್ಧತಿಯನ್ನು ಅನುಸರಿಸಿತ್ತು. ಮೂವತ್ತಮೂರು ಅಡಿಯ ಸರಪಳಿ, ಲಂಬ ಕೋನ ಹಿಡಿಯಲು ಅಡ್ಡಪಟ್ಟಿಯ ಕೋಲು, ಮೂಲೆಗಳಿಗೆ ಕಲ್ಲು, ಇವಿಷ್ಟರಿಂದ ಊರೂರಿನ ಹೊಲಗಳನ್ನು ಅಳೆದು ಪ್ರತಿಯೊಂದಕ್ಕೂ ಸರ್ವೆ ನಂಬರು ಕೊಟ್ಟರು. ಆ ಸರಪಳಿಯ ಹದಿನಾರನೆಯ ಒಂದು ಭಾಗಕ್ಕೆ ಆಣೆ ಎಂದು ಹೆಸರು. ಒಂದು ಆಣೆ ಎಂದರೆ ಎರಡು ಅಡಿ ಮುಕ್ಕಾಲು ಅಂಗುಲ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಹಳೆಯ ನಕ್ಷೆಗಳಲ್ಲಿ ಅಳತೆಗಳು ಸರಪಳಿ ಮತ್ತು ಆಣೆಗಳಲ್ಲಿರುವುದರಿಂದ ಈ ಲೆಕ್ಕ ತಿಳಿಯದೆ ಅವುಗಳನ್ನು ಓದಲಾಗುವುದಿಲ್ಲ. ದಕ್ಷಿಣ ಕನ್ನಡದ ಕಡೆ ಮದರಾಸು ಪದ್ಧತಿಯ ಮೋಜಣಿ ನಡೆದಿದ್ದರಿಂದ ಅಲ್ಲಿ ಸೆಂಟ್ಸ್ ಲೆಕ್ಕವೇ ರೂಢಿ; ನೂರು ಸೆಂಟ್ಸಿಗೆ ಒಂದು ಎಕರೆ, ಅಂದರೆ ಎರಡೂವರೆ ಸೆಂಟ್ಸಿಗೆ ಒಂದು ಗುಂಟೆ.

ಈಗ ನೀವು ಮಾಡಬೇಕಾದ ಮೊದಲ ಕೆಲಸ, ತಾಲ್ಲೂಕಿನ ಭೂದಾಖಲೆ ಕಚೇರಿಯಿಂದ ನಿಮ್ಮ ಸರ್ವೆ ನಂಬರಿನ ಟಿಪ್ಪಣಿ, ಪೋಡಿಯಾಗಿದ್ದರೆ, ಅಂದರೆ ಸರ್ವೆ ನಂಬರನ್ನು ಅಳೆದು ಪಾಲುಗಳಾಗಿ (ಹಿಸ್ಸಾ) ಒಡೆದಿದ್ದರೆ, ಹಿಸ್ಸಾ ಟಿಪ್ಪಣಿ, ಆಕಾರ್‌ಬಂದ್ ಮತ್ತು ಗ್ರಾಮ ನಕಾಶೆಗಳ ದೃಢೀಕೃತ ನಕಲನ್ನು ಪಡೆಯುವುದು. ಟಿಪ್ಪಣಿ ಎಂದರೆ ಅಳತೆಯ ದಿನ ಹೊಲದಲ್ಲೇ ಬರೆದ ಕೈನಕ್ಷೆ. ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಎಷ್ಟು ದೂರ, ನಡುವಿನ ರೇಖೆಯಿಂದ ಬಲಕ್ಕೆಷ್ಟು ಎಡಕ್ಕೆಷ್ಟು ಎಂಬುದು ಅದರಲ್ಲಿರುತ್ತದೆ. ಆಕಾರ್‌ಬಂದ್ ಒಟ್ಟು ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ನೆಲ), ಕಂದಾಯದ ಆಕಾರಗಳನ್ನು ಹೇಳುತ್ತದೆ. ಪಹಣಿಯಲ್ಲಿರುವ ವಿಸ್ತೀರ್ಣಕ್ಕೂ ಆಕಾರ್‌ಬಂದಿನ ವಿಸ್ತೀರ್ಣಕ್ಕೂ ತಾಳೆಯಾಗದ ಪ್ರಕರಣಗಳು ಅಪರೂಪವಲ್ಲ. ಹಾಗಿದ್ದರೆ ಗಡಿಯ ಜಗಳಕ್ಕಿಂತ ಮೊದಲು ಆ ವ್ಯತ್ಯಾಸವನ್ನು ಸರಿಪಡಿಸಿಕೊಳ್ಳುವುದೇ ಲೇಸು, ಏಕೆಂದರೆ ಎದುರು ಪಕ್ಷದ ವಕೀಲರು ಮೊದಲು ಕೈಯಿಡುವುದೇ ಅಲ್ಲಿಗೆ.

ಪಹಣಿಯ ವಿಚಾರದಲ್ಲಿ ನಮ್ಮ ಜನರಲ್ಲಿ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಕೂತಿದೆ. ಪಹಣಿಯಲ್ಲಿ ಹೆಸರಿದ್ದರೆ ಜಮೀನು ನಮ್ಮದೇ ಎಂಬುದು ಪೂರ್ತಿ ನಿಜವಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 133ನೇ ಪ್ರಕರಣದ ಪ್ರಕಾರ ಹಕ್ಕುದಾಖಲೆಯ ನಮೂದನ್ನು, ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂದು ಭಾವಿಸಬೇಕು. ಅದು ಬಲವಾದ ಆಧಾರ, ಆದರೆ ಕೊನೆಯ ತೀರ್ಪಲ್ಲ. ಅಲ್ಲದೆ ಪಹಣಿಯು ಎಷ್ಟು ಎಕರೆ ಎಷ್ಟು ಗುಂಟೆ ಎಂದು ಹೇಳುತ್ತದೆಯೇ ಹೊರತು ಎಲ್ಲಿ ಎಂದು ಹೇಳುವುದಿಲ್ಲ. ಎಲ್ಲಿ ಎಂದು ಹೇಳುವುದು ಟಿಪ್ಪಣಿ ಮತ್ತು ನಿಮ್ಮ ಪತ್ರದಲ್ಲಿರುವ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಎಲ್ಲೆಯ ವಿವರ. ಪತ್ರದಲ್ಲಿ ಬರೆದ ವಿಸ್ತೀರ್ಣಕ್ಕೂ ಸ್ಪಷ್ಟವಾಗಿ ವಿವರಿಸಿದ ಚಕ್ಕುಬಂದಿಗೂ ಭಿನ್ನತೆ ಬಂದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೇ ಹೆಚ್ಚಿನ ಬೆಲೆ ಕೊಡುತ್ತವೆ. ಆದ್ದರಿಂದ ಜಮೀನು ಕೊಳ್ಳುವಾಗ "ಪೂರ್ವಕ್ಕೆ ಇಂತಹವರ ಜಮೀನು" ಎಂದು ಬರೆಸಿ ಸುಮ್ಮನಾಗದೆ, ಆ ಜಮೀನಿನ ಸರ್ವೆ ನಂಬರು, ಹಿಸ್ಸಾ ನಂಬರು, ನಡುವಿರುವ ಬದು ಅಥವಾ ಹಳ್ಳ ಅಥವಾ ಬಂಡಿದಾರಿ, ಇವೆಲ್ಲವನ್ನೂ ಬರೆಸಬೇಕು. ಮಾಲೀಕರು ಬದಲಾಗುತ್ತಾರೆ, ಸರ್ವೆ ನಂಬರು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಕಲ್ಲು ಇರುವಾಗಲೇ ಮಾಡಬೇಕಾದ ಕೆಲಸ

ಭೂಕಂದಾಯ ಅಧಿನಿಯಮದಲ್ಲಿ ಗಡಿ ಮತ್ತು ಗಡಿ ಗುರುತುಗಳಿಗೆಂದೇ ಪ್ರತ್ಯೇಕ ವಿಧಿಗಳಿವೆ. ಅವುಗಳ ಸಾರವೇನೆಂದರೆ, ಸರ್ಕಾರ ನೆಟ್ಟ ಗುರುತನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಹೊಣೆ ಜಮೀನಿನ ಹಿಡುವಳಿದಾರನದೇ. ಕಲ್ಲು ನಿಮ್ಮ ಹೊಲದಲ್ಲಿದ್ದರೂ ಅದು ನಿಮಗಿಷ್ಟ ಬಂದಂತೆ ಕೀಳುವ ವಸ್ತುವಲ್ಲ. ಇದನ್ನು ಹೊರೆಯೆಂದು ಭಾವಿಸಬೇಕಾಗಿಲ್ಲ; ಪಕ್ಕದವರ ಮೇಲೂ ಇದೇ ಹೊಣೆ ಇದೆ ಎಂಬುದೇ ನಿಮ್ಮ ಹಕ್ಕಿನ ರಕ್ಷಣೆ.

ವರ್ಷಕ್ಕೊಮ್ಮೆ, ಬೆಳೆ ಕಟಾವಾಗಿ ಹೊಲ ಬಯಲಾದಾಗ, ಎಲ್ಲ ಮೂಲೆಗಳನ್ನೂ ಸುತ್ತಿ ಬನ್ನಿ. ಪೊದೆ ಸವರಿಸಿ, ಕಲ್ಲಿನ ಬುಡದ ಮಣ್ಣನ್ನು ನೋಡಿ. ಹಳೆಯ ಕಲ್ಲಿನ ಬುಡ ಸುತ್ತಲಿನ ನೆಲದಷ್ಟೇ ಗಟ್ಟಿಯಾಗಿರುತ್ತದೆ, ಹಾವಸೆ ನೆಲದ ಮಟ್ಟದವರೆಗೂ ಇಳಿದಿರುತ್ತದೆ. ಬುಡದ ಮಣ್ಣು ಸಡಿಲವಾಗಿದ್ದರೆ, ಅಥವಾ ನೆಲದೊಳಗೆ ಹೂತಿರಬೇಕಾದ ಬಿಳಿಚು ಭಾಗ ಮೇಲೆ ಕಾಣುತ್ತಿದ್ದರೆ ಯಾರೋ ಅದನ್ನು ಅಲುಗಿಸಿದ್ದಾರೆ ಎಂದು ಅರ್ಥ. ಕಲ್ಲಿಗೆ ಸುಣ್ಣ ಬಳಿದು, ಪಕ್ಕದಲ್ಲೊಂದು ಗಳ ನೆಟ್ಟು ಬಟ್ಟೆ ಕಟ್ಟಿದರೆ ಉಳುವ ಟ್ರ್ಯಾಕ್ಟರಿನವರಿಗೂ ಮಣ್ಣು ಮಟ್ಟ ಮಾಡುವ ಜೆಸಿಬಿಯವರಿಗೂ ದೂರದಿಂದ ಕಾಣುತ್ತದೆ. ಇಂದು ಕಾಣೆಯಾಗುವ ಕಲ್ಲುಗಳಲ್ಲಿ ಬಹುಪಾಲು ದುರುದ್ದೇಶಕ್ಕಿಂತ ಜೆಸಿಬಿಯ ಹಲ್ಲಿಗೆ ಬಲಿಯಾದವು ಎಂಬುದು ನನ್ನ ಅಂದಾಜು. ತಂತಿ ಬೇಲಿ ಅಥವಾ ಕಾಂಪೌಂಡು ಕಟ್ಟುವವರು ಕಲ್ಲನ್ನು ಗೋಡೆಯೊಳಗೆ ಹುದುಗಿಸಬಾರದು; ಗೋಡೆಯನ್ನು ನಿಮ್ಮ ಕಡೆಗೆ ಒಂದಿಷ್ಟು ಒಳಕ್ಕೆ ತೆಗೆದುಕೊಂಡು ಕಲ್ಲು ಹೊರಗೆ ಕಾಣುವಂತೆ ಬಿಡಬೇಕು.

ಇದಕ್ಕಿಂತ ಮುಖ್ಯವಾದದ್ದು ಕಲ್ಲಿನ ಜಾಗವನ್ನು ಬರೆದಿಡುವುದು. ನಮ್ಮ ತಂದೆಯವರು ಹಳೆಯ ಪಂಚಾಂಗದ ಹಿಂಬದಿಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಮೂರು ಸಾಲು ಬರೆದಿಟ್ಟಿದ್ದರು: ಈಶಾನ್ಯದ ಕಲ್ಲು, ಬಾವಿಕಟ್ಟೆಯ ಮೂಲೆಯಿಂದ 41 ಅಡಿ 6 ಅಂಗುಲ, ಹಾಸುಬಂಡೆಯ ಒರಳುಗುಳಿಯಿಂದ 67 ಅಡಿ, ಹುಣಸೆಮರದಿಂದ 28 ಅಡಿ. ಅವರು ತೀರಿಕೊಂಡ ಕೆಲವು ವರ್ಷಗಳ ಮೇಲೆ ಪಕ್ಕದ ಹೊಲದವರು ನೆಲ ಮಟ್ಟ ಮಾಡಿಸಿದಾಗ ಆ ಮೂಲೆಯ ಕಲ್ಲು ಕಾಣದಾಯಿತು. ಹುಣಸೆಮರವಂತೂ ಅಷ್ಟರಲ್ಲಿ ಇರಲಿಲ್ಲ. ಬಾವಿಕಟ್ಟೆಯಿಂದ ಒಂದು ಟೇಪು, ಒರಳುಗುಳಿಯಿಂದ ಇನ್ನೊಂದು ಟೇಪು ಹಿಡಿದು ಎರಡೂ ಕೂಡುವ ಜಾಗವನ್ನು ಗುರುತಿಸಿದೆವು. ಎರಡು ಟೇಪುಗಳು ಕೂಡುವ ಜಾಗ ಯಾವಾಗಲೂ ಎರಡಿರುತ್ತವೆ. ಇನ್ನೊಂದು ಬಾವಿಯ ಆಚೆ ನಮ್ಮದೇ ತೋಟದ ನಡುವೆ ಬಿದ್ದದ್ದರಿಂದ ಅನುಮಾನಕ್ಕೆ ಎಡೆಯಿರಲಿಲ್ಲ. ಅಲ್ಲಿ ಹೊಸ ಮಣ್ಣನ್ನು ಕೈಯಿಂದ ಸರಿಸಿದಾಗ ಒಂದೂವರೆ ಅಡಿ ಕೆಳಗೆ ಕಲ್ಲು ಅಡ್ಡಲಾಗಿ ಮಲಗಿತ್ತು. ಅದನ್ನು ನಾವೇ ಎತ್ತಿ ನಿಲ್ಲಿಸಲಿಲ್ಲ. ಹಾಗೆಯೇ ಬಿಟ್ಟು, ಚಿತ್ರ ತೆಗೆದು, ಪಕ್ಕದವರನ್ನೂ ಕರೆದು ತೋರಿಸಿ, ಅಳತೆಗೆ ಅರ್ಜಿ ಹಾಕಿದೆವು.

ಆ ಮೂರು ಸಾಲುಗಳನ್ನು ನೀವೂ ಬರೆದಿಡಬೇಕು. ಬೇಗ ಅಳಿಯದ ಮೂರು ಆಧಾರಗಳನ್ನು ಆರಿಸಿಕೊಳ್ಳಿ: ಬಂಡೆ, ಬಾವಿಯ ಕಟ್ಟೆ, ಗುಡಿಯ ಮೂಲೆ, ಮೋರಿಯ ಕಲ್ಲು. ಮರ ಮತ್ತು ವಿದ್ಯುತ್ ಕಂಬಗಳನ್ನು ನಂಬಬೇಡಿ. ಕಲ್ಲಿನ ಚಿತ್ರವನ್ನು ಹತ್ತಿರದಿಂದ ಒಂದು, ಸುತ್ತಲಿನ ಗುರುತುಗಳು ಕಾಣುವಂತೆ ದೂರದಿಂದ ಎರಡು, ದಿನಾಂಕ ಸಮೇತ ತೆಗೆದಿಡಿ. ಮೊಬೈಲಿನ ಜಿಪಿಎಸ್ ಅಂಕಿಯನ್ನೂ ಬರೆದುಕೊಳ್ಳಬಹುದು, ಆದರೆ ಅದರಲ್ಲಿ ಹಲವು ಮೀಟರುಗಳ ಏರುಪೇರು ಸಹಜ. ಐದು ಮೀಟರು ತಪ್ಪಿದರೆ ಹದಿನಾರು ಅಡಿ, ಅಂದರೆ ಗುಂಟೆಯ ಒಂದು ಬದಿಯ ಅರ್ಧದಷ್ಟು. ದಿಶಾಂಕ್ ಆ್ಯಪಿನ ವಿಷಯವೂ ಹೀಗೆಯೇ. ನಿಂತಿರುವ ಜಾಗ ಯಾವ ಸರ್ವೆ ನಂಬರಿನದು, ಪಕ್ಕದಲ್ಲಿ ಕೆರೆಯೋ ಸರ್ಕಾರಿ ಜಮೀನೋ ಎಂದು ತಿಳಿಯಲು ಅದು ಬಹಳ ಉಪಯುಕ್ತ. ಬದು ಇಲ್ಲಿ ಬರಬೇಕೋ ಮೂರು ಅಡಿ ಅಲ್ಲಿ ಬರಬೇಕೋ ಎಂದು ತೀರ್ಮಾನಿಸಲು ಅದು ಆಧಾರವಾಗುವುದಿಲ್ಲ.

ಹದ್ದುಬಸ್ತು: ಕಲ್ಲನ್ನು ಮತ್ತೆ ಗುರುತಿಸುವ ಅಧಿಕೃತ ದಾರಿ

ಕಲ್ಲು ಬಿದ್ದಿರಲಿ, ಸರಿದಿರಲಿ, ಪೂರ್ತಿ ಕಾಣೆಯಾಗಿರಲಿ, ನಿಮ್ಮ ಕೈಯಿಂದ ಇನ್ನೊಂದು ಕಲ್ಲು ನೆಡಬೇಡಿ. ಸರಿಯಾದ ಜಾಗದಲ್ಲೇ ನೆಟ್ಟರೂ ಅದಕ್ಕೆ ಕಾನೂನಿನ ಬೆಲೆಯಿಲ್ಲ. ತಪ್ಪಾದ ಜಾಗದಲ್ಲಿ ನೆಟ್ಟರೆ ನೀವೇ ಆರೋಪಿಯಾಗುತ್ತೀರಿ. ಇದಕ್ಕಿರುವ ದಾರಿ ಹದ್ದುಬಸ್ತು, ಅಂದರೆ ದಾಖಲೆಯ ಪ್ರಕಾರ ಗಡಿಯನ್ನು ನೆಲದ ಮೇಲೆ ಮತ್ತೆ ಗುರುತಿಸಿಕೊಡುವ ಅಳತೆ.

ನಾಡಕಚೇರಿಯ ಮೂಲಕ ಮೋಜಿಣಿ ವ್ಯವಸ್ಥೆಯಲ್ಲಿ ಅರ್ಜಿ ಸಲ್ಲಿಸಿ ಶುಲ್ಕ ಕಟ್ಟಿ ರಸೀದಿ ಪಡೆಯಬೇಕು. ಶುಲ್ಕ ಆಗಾಗ ಪರಿಷ್ಕರಣೆಯಾಗುವುದರಿಂದ ಕೌಂಟರಿನಲ್ಲೇ ಕೇಳಿ ತಿಳಿಯುವುದು ಒಳ್ಳೆಯದು. ಅರ್ಜಿಯಲ್ಲಿ ಸುತ್ತಲಿನ ಎಲ್ಲ ಹಿಡುವಳಿದಾರರ ಹೆಸರು, ವಿಳಾಸಗಳನ್ನು ಸರಿಯಾಗಿ ಕೊಡಿ. ಒಬ್ಬರ ಹೆಸರು ಬಿಟ್ಟುಹೋದರೂ, ಅವರಿಗೆ ನೋಟೀಸು ತಲುಪಲಿಲ್ಲ ಎಂಬ ಒಂದೇ ಕಾರಣಕ್ಕೆ ಇಡೀ ಅಳತೆ ಮುಂದೆ ಬಿದ್ದುಹೋಗಬಹುದು. ತೀರಿಕೊಂಡವರ ಹೆಸರೇ ಪಹಣಿಯಲ್ಲಿ ಮುಂದುವರಿದಿದ್ದರೆ ಅವರ ವಾರಸುದಾರರ ಹೆಸರನ್ನೂ ಸೇರಿಸಿ.

ಇಲ್ಲೊಂದು ತೊಡಕಿದೆ. ಒಂದೇ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರ ಮೂರು ನಾಲ್ಕು ಹೆಸರುಗಳಿದ್ದು, ಪೋಡಿಯಾಗದೆ, ಒಬ್ಬೊಬ್ಬರು ಒಂದೊಂದು ತುಂಡನ್ನು ಬಾಯಿಮಾತಿನಲ್ಲಿ ಅನುಭವಿಸುತ್ತಿದ್ದರೆ, ಆ ತುಂಡುಗಳಿಗೆ ದಾಖಲೆಯಲ್ಲಿ ಗಡಿಯೇ ಇಲ್ಲ. ದಾಖಲೆಯಲ್ಲಿಲ್ಲದ ಗಡಿಯನ್ನು ಭೂಮಾಪಕರು ಹುಡುಕಿಕೊಡಲಾರರು. ಅಂಥವರು ಮೊದಲು ಪೋಡಿ ಮಾಡಿಸಿ, ತಮ್ಮ ಪಾಲಿಗೆ ಹಿಸ್ಸಾ ನಂಬರನ್ನೂ ನಕ್ಷೆಯನ್ನೂ ಪಡೆಯಬೇಕು. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವಾಗ ಅಥವಾ ವಿಭಾಗ ಮಾಡಿಕೊಳ್ಳುವಾಗ, ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆಯನ್ನು ಕಡ್ಡಾಯ ಮಾಡಿರುವುದು ಇದೇ ಕಾರಣಕ್ಕೆ. ಪೋಡಿಗೆ ಓಡಾಡಲು ಬೇಸರಪಟ್ಟು ಒಂದು ತಲೆಮಾರು ಸುಮ್ಮನಿದ್ದರೆ ಮುಂದಿನ ತಲೆಮಾರು ನ್ಯಾಯಾಲಯದ ಕಟ್ಟೆಯ ಮೇಲೆ ಕೂರುವುದನ್ನು ನಾನು ನಮ್ಮ ಬಂಧುಗಳಲ್ಲೇ ಕಂಡಿದ್ದೇನೆ. ಅದನ್ನು ನೆನೆದಾಗ ನೋವಾಗುತ್ತದೆ.

ಅಳತೆಯ ದಿನ ನೀವು ಖುದ್ದಾಗಿ ಇರಬೇಕು, ದೃಢೀಕೃತ ನಕಲುಗಳು ಕೈಯಲ್ಲಿರಬೇಕು. ಭೂಮಾಪಕರು ಅಳತೆಯನ್ನು ಎಲ್ಲಿಂದ ಆರಂಭಿಸುತ್ತಾರೆ ಎಂಬುದನ್ನು ವಿಶೇಷವಾಗಿ ಗಮನಿಸಿ. ವಿವಾದವಿರುವ ಕಲ್ಲಿನಿಂದಲೋ, ನೀವು ತೋರಿಸಿದ ಬದುವಿನಿಂದಲೋ ಆರಂಭಿಸಿದರೆ ಆ ಅಳತೆಗೆ ತಳಹದಿಯಿಲ್ಲ. ಯಾರ ತಕರಾರೂ ಇಲ್ಲದ ಎರಡು ಹಳೆಯ ಕಲ್ಲುಗಳನ್ನು, ಅವು ಪಕ್ಕದ ಸರ್ವೆ ನಂಬರಿನವಾದರೂ ಸರಿಯೇ, ಮೊದಲು ಹಿಡಿದು, ಅವುಗಳ ನಡುವಿನ ದೂರ ಟಿಪ್ಪಣಿಗೆ ತಾಳೆಯಾಗುತ್ತದೆಯೇ ಎಂದು ನೋಡಿ, ಅಲ್ಲಿಂದ ವಿವಾದದ ಮೂಲೆಗೆ ಬರುವುದು ಸರಿಯಾದ ಕ್ರಮ. ನಮ್ಮ ಹೊಲದಲ್ಲಿ ಅಳೆದವರು ಟಿಪ್ಪಣಿಯನ್ನು ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಹೆಂಟೆ ಇಟ್ಟು, ಸುಮಾರು ಎರಡು ಫರ್ಲಾಂಗು ಆಚೆಯ ಹಳ್ಳದ ದಡದಲ್ಲಿದ್ದ ಕಲ್ಲಿನಿಂದ ಕೆಲಸ ಶುರುಮಾಡಿದರು. ಅಷ್ಟು ದೂರ ಏಕೆ ಎಂದು ಎರಡೂ ಕಡೆಯವರು ಗೊಣಗಿದೆವು. ಮಧ್ಯಾಹ್ನ ಮೂರರ ಹೊತ್ತಿಗೆ ರೇಖೆ ನಮ್ಮ ಮಲಗಿದ್ದ ಕಲ್ಲಿನ ಒಂದು ಗೇಣು ಅಂತರಕ್ಕೆ ಬಂದು ನಿಂತಾಗ ಯಾರೂ ಮಾತಾಡಲಿಲ್ಲ. ಈಗ ಹಲವೆಡೆ ಸರಪಳಿಯ ಬದಲು ಉಪಗ್ರಹ ಸಂಕೇತ ಹಿಡಿಯುವ ರೋವರ್ ಯಂತ್ರ ಬಂದಿದೆ, ಅಳತೆ ಬೇಗ ಮುಗಿಯುತ್ತದೆ. ಆದರೆ ಯಂತ್ರ ಎಷ್ಟೇ ನಿಖರವಾಗಿದ್ದರೂ ಆರಂಭದ ಕಲ್ಲು ಸರಿಯಿರಬೇಕೆಂಬ ನಿಯಮ ಬದಲಾಗಿಲ್ಲ.

ಇಲಾಖೆಯ ಭೂಮಾಪಕರಿಗೆ ಅಳತೆಗಾಗಿ ಜಮೀನುಗಳಿಗೆ ಪ್ರವೇಶಿಸುವ ಅಧಿಕಾರವನ್ನು ಕಾನೂನು ಕೊಟ್ಟಿದೆ. ಪಕ್ಕದವರು "ನನ್ನ ಹೊಲಕ್ಕೆ ಕಾಲಿಡಬೇಡಿ" ಎಂದು ತಡೆದರೆ ಅವರೊಡನೆ ನೀವು ಜಗಳಕ್ಕಿಳಿಯದೆ, ತಡೆದ ಸಂಗತಿಯನ್ನು ಮಹಜರಿನಲ್ಲಿ (ಸ್ಥಳದಲ್ಲೇ ಬರೆಯುವ ವರದಿಯಲ್ಲಿ) ದಾಖಲಿಸುವಂತೆ ಕೋರಿ, ಪೊಲೀಸ್ ರಕ್ಷಣೆಯಲ್ಲಿ ಇನ್ನೊಂದು ದಿನ ಗೊತ್ತುಮಾಡುವಂತೆ ಲಿಖಿತ ಮನವಿ ಕೊಡಿ. ಸಾರ್ವಜನಿಕ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 221ನೇ ಪ್ರಕರಣದಡಿ ಅಪರಾಧ. ನೀವು ಹಣ ಕೊಟ್ಟು ಕರೆತಂದ ಖಾಸಗಿ ಅಳತೆಗಾರರಿಗೆ ಮಾತ್ರ ಇಂತಹ ಅಧಿಕಾರವಿಲ್ಲ. ಅವರು ಒಪ್ಪಿಗೆಯಿಲ್ಲದೆ ಪಕ್ಕದ ಹೊಲಕ್ಕೆ ಹೋದರೆ ಅದೇ ಅತಿಕ್ರಮ ಪ್ರವೇಶವಾದೀತು.

ಅಳತೆ ಮುಗಿದ ಮೇಲೆ ನಕ್ಷೆಯ ಮತ್ತು ಮಹಜರಿನ ದೃಢೀಕೃತ ನಕಲನ್ನು ಕೇಳಿ ಪಡೆಯಿರಿ. ಅಳತೆ ತಪ್ಪೆನಿಸಿದರೆ ಮಹಜರಿಗೆ ಸಹಿ ಹಾಕುವಾಗಲೇ "ಆಕ್ಷೇಪಣೆಯೊಂದಿಗೆ" ಎಂದು ಬರೆದು, ಕಾರಣವನ್ನು ಒಂದೆರಡು ವಾಕ್ಯದಲ್ಲಿ ಸೇರಿಸಿ. ಮೇಲಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ, ಅದಕ್ಕೆ ಕಾಲಮಿತಿಯೂ ಇದೆ. ಕೊನೆಯ ದಿನ ಯಾವುದು ಎಂಬುದನ್ನು ನಕಲು ಕೈಸೇರಿದ ದಿನವೇ ಕೇಳಿ ಬರೆದುಕೊಳ್ಳಿ.

ಕಲ್ಲು ಕಿತ್ತವರ ಮೇಲೆ ಕ್ರಮ

ಗಡಿಕಲ್ಲಿನ ಪಾವಿತ್ರ್ಯ ನಮ್ಮ ನಾಡಿಗೆ ಹೊಸದಲ್ಲ. ದಾನ ಕೊಟ್ಟ ಭೂಮಿಯ ಎಲ್ಲೆಗೆ ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲು, ಜೈನ ಬಸದಿಯ ಜಮೀನಾದರೆ ಮುಕ್ಕೊಡೆಯ ಕಲ್ಲು ನೆಡುತ್ತಿದ್ದರು. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪಾಶಯ ನಮ್ಮ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಈಗ ಆ ಶಾಪದ ಜಾಗದಲ್ಲಿ ದಂಡಸಂಹಿತೆ ಇದೆ. ಸಾರ್ವಜನಿಕ ನೌಕರನ ಅಧಿಕಾರದಿಂದ ನೆಟ್ಟ ಗಡಿಗುರುತನ್ನು ನಾಶಮಾಡುವುದು, ಸರಿಸುವುದು ಅಥವಾ ಅದರ ಉಪಯುಕ್ತತೆಯನ್ನು ಕುಂದಿಸುವುದು ಹಿಂದೆ ಭಾರತೀಯ ದಂಡ ಸಂಹಿತೆಯ 434ನೇ ಪ್ರಕರಣದಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 326ನೇ ಪ್ರಕರಣದ ಐದನೆಯ ಖಂಡವಾಗಿದೆ. ಶಿಕ್ಷೆ ಒಂದು ವರ್ಷದವರೆಗಿನ ಸೆರೆವಾಸ, ಅಥವಾ ಜುಲ್ಮಾನೆ, ಅಥವಾ ಎರಡೂ. ಇದಲ್ಲದೆ ಭೂಕಂದಾಯ ಅಧಿನಿಯಮದಡಿ ಕಂದಾಯ ಅಧಿಕಾರಿಗಳೂ ದಂಡ ವಿಧಿಸಬಹುದು. ತಹಶೀಲ್ದಾರರಿಗೆ ಕೊಡುವ ಒಂದು ದೂರಿನಿಂದ ಆ ದಾರಿ ತೆರೆಯುತ್ತದೆ.

ದೂರು ಕೊಡುವ ಮುನ್ನ ಎರಡು ವಿಷಯಗಳನ್ನು ಯೋಚಿಸಬೇಕು. ಮೊದಲನೆಯದು, ಕಲ್ಲು ಸರ್ಕಾರದ ಅಧಿಕಾರದಿಂದ ನೆಟ್ಟದ್ದೇ ಎಂಬುದು. ಮನೆ ಪಾಲಾದಾಗ ಹಿರಿಯರು ಪಂಚಾಯಿತಿ ಮಾಡಿ ನೆಟ್ಟ ಕಲ್ಲಿಗೆ ಈ ಖಂಡ ಅನ್ವಯಿಸುವುದಿಲ್ಲ; ಅಲ್ಲಿ ಸಾಮಾನ್ಯ ಹಾನಿಯ ಅಪರಾಧ ಮಾತ್ರ ಉಳಿಯುತ್ತದೆ. ಟಿಪ್ಪಣಿಯಲ್ಲೋ ಹದ್ದುಬಸ್ತಿನ ನಕ್ಷೆಯಲ್ಲೋ ಆ ಕಲ್ಲಿನ ಗುರುತಿದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ. ಎರಡನೆಯದು, ಉದ್ದೇಶ. ನಷ್ಟವಾಗಲಿ ಎಂಬ ಉದ್ದೇಶದಿಂದ, ಅಥವಾ ನಷ್ಟವಾಗಬಹುದು ಎಂಬ ಅರಿವಿನಿಂದ ಮಾಡಿದ್ದರೆ ಮಾತ್ರ ಅಪರಾಧ. ಕತ್ತಲಲ್ಲಿ ಟ್ರ್ಯಾಕ್ಟರು ತಗುಲಿ ಕಲ್ಲು ಉರುಳಿದರೆ ಅದಕ್ಕೆ ಹದ್ದುಬಸ್ತು ಮಾಡಿಸುವುದೇ ಪರಿಹಾರ, ಪೊಲೀಸ್ ಠಾಣೆಯಲ್ಲ.

ಈ ಅಪರಾಧ ಅಸಂಜ್ಞೇಯ ವರ್ಗಕ್ಕೆ ಸೇರಿದ್ದರಿಂದ ಠಾಣೆಯಲ್ಲಿ ಎಫ್‌ಐಆರ್ ದಾಖಲಿಸದೆ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಎಂದು ನಮೂದಿಸಿ ಹಿಂಬರಹ ಕೊಡುತ್ತಾರೆ. ಪೊಲೀಸರು ಉದಾಸೀನ ಮಾಡಿದರು ಎಂದು ತಿಳಿಯಬೇಡಿ. ಕಾನೂನು ಇರುವುದೇ ಹಾಗೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಅವರು ತನಿಖೆ ಮಾಡಲಾರರು. ಹಿಂಬರಹ ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಆದೇಶ ಕೇಳಬಹುದು, ಅಥವಾ ಖಾಸಗಿ ದೂರು ಸಲ್ಲಿಸಬಹುದು. ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ ನ್ಯಾಯಾಲಯ ಸಂಜ್ಞಾನ ತೆಗೆದುಕೊಳ್ಳಬೇಕಾದ, ಅಂದರೆ ಪ್ರಕರಣವನ್ನು ಪರಿಗಣನೆಗೆ ಎತ್ತಿಕೊಳ್ಳಬೇಕಾದ, ಅವಧಿಯೂ ಒಂದೇ ವರ್ಷ. ಸುಗ್ಗಿ ಮುಗಿಯಲಿ, ಹಬ್ಬ ಕಳೆಯಲಿ ಎಂದು ಮುಂದೂಡುತ್ತ ಹೋದರೆ ಅದು ಮೀರಿಹೋಗುತ್ತದೆ. ಕಲ್ಲು ಕೀಳುವುದರ ಜೊತೆಗೆ ನಿಮ್ಮನ್ನು ಬೆದರಿಸಲೆಂದೋ ಕಿರುಕುಳ ಕೊಡಲೆಂದೋ ಜಮೀನಿಗೆ ನುಗ್ಗಿದ್ದರೆ ಅದು 329ನೇ ಪ್ರಕರಣದ ಅಪರಾಧಿಕ ಅತಿಕ್ರಮ. ಅದು ಸಂಜ್ಞೇಯವಾದದ್ದರಿಂದ ಎಫ್‌ಐಆರ್ ಆಗಬೇಕು. ಆದರೆ ಇಲ್ಲದ್ದನ್ನು ಸೇರಿಸಿ ದೂರನ್ನು ದೊಡ್ಡದು ಮಾಡುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ; ಮೂರು ದಿನದ ಮೇಲೆ ಆ ಸುಳ್ಳು ನಿಮ್ಮ ನಿಜವಾದ ಕಲ್ಲಿನ ಪ್ರಕರಣವನ್ನೇ ಕೆಡಿಸುತ್ತದೆ.

ನೆಲವೇ ಹೋಗಿದ್ದರೆ

ಹದ್ದುಬಸ್ತಿನಲ್ಲಿ ಪಕ್ಕದವರು ನಾಲ್ಕು ಗುಂಟೆ ಒತ್ತಿದ್ದಾರೆ ಎಂದು ತಿಳಿಯಿತು ಎನ್ನೋಣ. ಭೂಮಾಪಕರು ಗಡಿಯನ್ನು ತೋರಿಸುತ್ತಾರೆ, ಆದರೆ ಪಕ್ಕದವರು ಬೆಳೆದ ಬೆಳೆಯನ್ನು ತೆಗೆಸಿ ನೆಲವನ್ನು ನಿಮ್ಮ ಕೈಗೆ ಬಿಡಿಸಿಕೊಡುವುದಿಲ್ಲ. ಅದಕ್ಕೆ ಸಿವಿಲ್ ನ್ಯಾಯಾಲಯವೇ ಜಾಗ. ನೀವು ನೆಟ್ಟಗೆ ಹೋಗಿ ಅವರ ಬೇಲಿ ಕಿತ್ತರೆ, ಹಕ್ಕು ನಿಮ್ಮದೇ ಆಗಿದ್ದರೂ, ಅವರು ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಪ್ರಕರಣದಡಿ ಆರು ತಿಂಗಳೊಳಗೆ ದಾವಾ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಅದೇ ಪ್ರಕರಣ ನಿಮ್ಮ ಪರವಾಗಿಯೂ ಕೆಲಸ ಮಾಡುತ್ತದೆ: ನಿನ್ನೆ ಮೊನ್ನೆ ಬಲವಂತವಾಗಿ ನಿಮ್ಮನ್ನು ಹೊರಹಾಕಿದ್ದರೆ, ಮಾಲೀಕತ್ವದ ದೀರ್ಘ ವಿಚಾರಣೆಯಿಲ್ಲದೆ ಆ ಆರು ತಿಂಗಳಲ್ಲಿ ಪರಿಹಾರ ಕೇಳಬಹುದು.

ಹಳೆಯ ಒತ್ತುವರಿಯಾದರೆ ಹಕ್ಕಿನ ಆಧಾರದ ಮೇಲೆ ಸ್ವಾಧೀನಕ್ಕಾಗಿ ದಾವಾ ಹೂಡಬೇಕು. ಕಾಲಮಿತಿ ಅಧಿನಿಯಮ, 1963ರ 65ನೇ ಅನುಚ್ಛೇದದ ಪ್ರಕಾರ, ಎದುರು ಪಕ್ಷದ ಸ್ವಾಧೀನ ನಿಮ್ಮ ಹಕ್ಕಿಗೆ ಪ್ರತಿಕೂಲವಾದ ದಿನದಿಂದ ಹನ್ನೆರಡು ವರ್ಷ ಅವಕಾಶ. ಹನ್ನೆರಡು ವರ್ಷ ದಾಟಿದರೆ ಅದೇ ಅಧಿನಿಯಮದ 27ನೇ ಪ್ರಕರಣದಂತೆ ಹಕ್ಕೇ ನಶಿಸುತ್ತದೆ. ಅಷ್ಟೇ ಅಲ್ಲ, ಪ್ರತಿಕೂಲ ಸ್ವಾಧೀನದಿಂದ ಹಕ್ಕು ಪಡೆದವನು ಪ್ರತಿವಾದಿಯಾಗಿ ಮಾತ್ರವಲ್ಲ, ವಾದಿಯಾಗಿಯೂ ಅದನ್ನು ಸಾಧಿಸಬಹುದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಅನುಮತಿಯಿಂದ ಉಳುತ್ತಿರುವವರ ಸ್ವಾಧೀನ ಪ್ರತಿಕೂಲವಾಗುವುದಿಲ್ಲ. ಹಾಗಾಗಿ ಸ್ನೇಹಕ್ಕಾಗಿ ಬಿಟ್ಟುಕೊಟ್ಟಿದ್ದರೆ ಆ ಅನುಮತಿಯನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿಡಿ. ಸ್ನೇಹಕ್ಕೆ ಅದರಿಂದ ಕುಂದಿಲ್ಲ.

ದಾವಾ ಬರೆಸುವಾಗ ಆಗುವ ತಪ್ಪೊಂದರ ಬಗ್ಗೆ ಎಚ್ಚರಿಸಬೇಕು. ಖರ್ಚು ಕಡಿಮೆ ಎಂದು ಬರಿಯ ಶಾಶ್ವತ ತಡೆಯಾಜ್ಞೆಗಷ್ಟೇ ದಾವಾ ಹೂಡುವವರಿದ್ದಾರೆ. ಹಕ್ಕಿನ ಬಗ್ಗೆಯೇ ಗಂಭೀರ ತಕರಾರು ಎದ್ದಿರುವಾಗ, ಅಥವಾ ಸ್ವಾಧೀನ ಈಗಾಗಲೇ ಕೈತಪ್ಪಿರುವಾಗ, ಹಕ್ಕುಘೋಷಣೆ ಮತ್ತು ಸ್ವಾಧೀನವನ್ನು ಕೇಳದೆ ತಡೆಯಾಜ್ಞೆ ಮಾತ್ರ ಕೇಳಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ವಿವರವಾಗಿ ಹೇಳಿದೆ. ನಿಮ್ಮ ಪ್ರಕರಣಕ್ಕೆ ಯಾವುದು ಬೇಕು ಎಂದು ವಕೀಲರನ್ನು ನೇರವಾಗಿ ಕೇಳಿ. ಗಡಿಯೇ ವಿವಾದವಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಡಿ ಕೋರ್ಟ್ ಕಮಿಷನರ್ ನೇಮಕಕ್ಕೆ ಅರ್ಜಿ ಹಾಕಿಸಿ. ಭೂದಾಖಲೆ ಇಲಾಖೆಯ ಅಧಿಕಾರಿಯೇ ಕಮಿಷನರ್ ಆಗಿ ಬಂದು ಅಳೆದು ವರದಿ ಕೊಟ್ಟರೆ, ಬಾಯಿಸಾಕ್ಷ್ಯದಲ್ಲಿ ವರ್ಷಗಟ್ಟಲೆ ಎಳೆಯುವ ಪ್ರಶ್ನೆ ಒಂದು ನಕ್ಷೆಯಲ್ಲಿ ಸ್ಪಷ್ಟವಾಗುತ್ತದೆ. ನೀವು ಮೊದಲೇ ಪಡೆದಿಟ್ಟ ಟಿಪ್ಪಣಿಯ ನಕಲು, ಮೂರು ಆಧಾರಗಳ ಅಳತೆ, ದಿನಾಂಕವಿರುವ ಚಿತ್ರಗಳು ಆಗ ಉಪಯೋಗಕ್ಕೆ ಬರುತ್ತವೆ. ವಕೀಲರ ಖರ್ಚು ಭರಿಸಲಾಗದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು. ಪಕ್ಕದವರು ಮಾತಿಗೆ ಸಿದ್ಧರಿದ್ದರೆ ಲೋಕ ಅದಾಲತ್ತಿನಲ್ಲಿ ರಾಜಿಯಾದ ಗಡಿಗೂ ಡಿಕ್ರಿಯ ಬಲವಿರುತ್ತದೆ.

ಕರ್ನಾಟಕ ಭೂಕಬಳಿಕೆ ನಿಷೇಧ ಅಧಿನಿಯಮ, 2011ರಡಿ ದೂರು ಕೊಡುತ್ತೇನೆ ಎಂದು ಅನೇಕರು ಹೊರಡುತ್ತಾರೆ. ಆ ಕಾನೂನು ಸರ್ಕಾರ, ಸ್ಥಳೀಯ ಸಂಸ್ಥೆ, ವಕ್ಫ್, ಧಾರ್ಮಿಕ ಸಂಸ್ಥೆ ಮುಂತಾದವುಗಳ ಜಮೀನಿಗೆ ಸಂಬಂಧಿಸಿದ್ದು. ಖಾಸಗಿಯವರ ನಡುವಿನ ಒತ್ತುವರಿಗೆ ಅಲ್ಲಿ ಪರಿಹಾರವಿಲ್ಲ.

ಸರ್ಕಾರದ ಬೇರೆ ಕಲ್ಲುಗಳು

ರಸ್ತೆಗೋ ಕಾಲುವೆಗೋ ಭೂಸ್ವಾಧೀನ ನಡೆಯುವಾಗ ನೆಡುವ ಕಲ್ಲುಗಳು ನಿಮ್ಮ ಸರ್ವೆ ನಂಬರಿನ ಗಡಿಯಲ್ಲ, ಯೋಜನೆಗೆ ಬೇಕಾದ ಅಂಚು. ಅವನ್ನು ಕೀಳಬೇಡಿ, ಆದರೆ ಜಂಟಿ ಮೋಜಣಿಯ ದಿನ ಹಾಜರಿದ್ದು, ನಿಮ್ಮ ಎಷ್ಟು ನೆಲ, ಎಷ್ಟು ಮರ, ಯಾವ ಬಾವಿ ಒಳಗೆ ಬಂತು ಎಂಬುದನ್ನು ಬರೆಸಿ ನಕಲು ಪಡೆಯಿರಿ. 1978ರ 44ನೇ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಂದಿದ್ದರೂ, ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎಂದು ಸಂವಿಧಾನದ 300ಎ ಅನುಚ್ಛೇದ ಹೇಳುತ್ತದೆ. ಪ್ರಕ್ರಿಯೆಯಿಲ್ಲದೆ ಕಲ್ಲು ನೆಟ್ಟು ನೆಲವನ್ನು ಬಳಸತೊಡಗಿದರೆ ಉಚ್ಚ ನ್ಯಾಯಾಲಯಕ್ಕೆ ಹೋಗಲು ಆ ಅನುಚ್ಛೇದವೇ ಆಧಾರ.

ಇನ್ನು ಕೆಲವರ ಜಮೀನಿನಲ್ಲಿ, ಗುಡ್ಡದ ನೆತ್ತಿಯಲ್ಲೋ ಹಳೆಯ ಬಂಗಲೆಯ ಮೆಟ್ಟಿಲ ಪಕ್ಕದಲ್ಲೋ, ಜಿಟಿಎಸ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ಕೆತ್ತಿದ ಕಲ್ಲುಗಳಿವೆ. 1767ರಲ್ಲಿ ಆರಂಭವಾದ ಸರ್ವೆ ಆಫ್ ಇಂಡಿಯಾ ದೇಶವನ್ನು ಅಳೆಯುತ್ತ ನೆಟ್ಟ ಗುರುತುಗಳವು. ನೆಲ ನಿಮ್ಮದೇ ಆಗಿರಬಹುದು, ಗುರುತು ನಿಮ್ಮದಲ್ಲ; ಹೊಲದ ಬಾಂದುಕಲ್ಲಿಗಿರುವ ದಂಡಸಂಹಿತೆಯ ರಕ್ಷಣೆ ಅದಕ್ಕೂ ಇದೆ. ಮನೆ ಕಟ್ಟಲು ಅದು ಅಡ್ಡವಾಗಿದ್ದರೆ ಕೀಳಿಸುವ ಮೊದಲು ಆ ಇಲಾಖೆಗೆ ಲಿಖಿತವಾಗಿ ತಿಳಿಸಿ, ಉತ್ತರ ಬರುವವರೆಗೆ ಅದರ ಸುತ್ತ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿಡಿ, ಪಾಯ ತೋಡುವ ಮೇಸ್ತ್ರಿಗೂ ಜೆಸಿಬಿಯ ಚಾಲಕರಿಗೂ ನೀವೇ ನಿಂತು ತೋರಿಸಿ.